ಫುಟ್‌ಪಾತ್‌ಗಾಗಿ ಓಡಾಡಿದ ಸಂಘಗಳಿಗೆ ದೊಡ್ಡ ಥ್ಯಾಂಕ್ಸ್

ಕೊನೆಗೂ ನಮ್ಮ ರಸ್ತೆಯ ಫುಟ್‌ಪಾತ್ ಕೆಲಸ ಮುಗೀತು, ಈಗ ನಾನು ವೀಲ್‌ಚೇರ್‌ನಲ್ಲಿ ಮನೆಯಿಂದ ಬಸ್ ಸ್ಟಾಪ್ ತನಕ ಒಬ್ಬಳೇ, ಗಾಡಿಗಳ ಮಧ್ಯೆ ರಸ್ತೆಗೆ ಇಳಿಯದೆ ಹೋಗಿ ಬರ್ತಿದೀನಿ. ಇದಕ್ಕಾಗಿ ಓಡಾಡಿದವರಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳಲೇಬೇಕು.

ಮೊದಲು ವಿಕಲಚೇತನರ ಸಂಘದವರಿಗೆ. ಆಕ್ಸಿಡೆಂಟ್ ಆದ್ಮೇಲೆ ಹೊರಗೆ ಹೋಗೋದೇ ಬೇಡ ಅಂತ ಕೂತಿದ್ದವಳನ್ನ ಬಿಡದೆ ಮೀಟಿಂಗಿಗೆ ಕರೆದವರು ನೀವು. ರ‍್ಯಾಂಪ್ ಇದೆಯಲ್ಲ ಮೇಡಂ ಅಂತ ಇಂಜಿನಿಯರ್ ಅಂದಾಗ ಟೇಪ್ ಹಿಡಿದು ಅಳೆದು, ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು ಸಾರ್, ಇದು ಅದರ ಅರ್ಧನೂ ಇಲ್ಲ, ಇದರ ಮೇಲೆ ಹತ್ತೋಕೆ ಹೋದ್ರೆ ಚೇರ್ ಹಿಂದಕ್ಕೆ ಮಗುಚುತ್ತೆ ಅಂತ ತೋರಿಸಿಕೊಟ್ರಿ. ಕಣ್ಣು ಕಾಣದ ಗೆಳೆಯರು ಕೋಲು ಹಿಡಿದು, ಅವರಿಗೆ ದಾರಿ ತೋರಿಸೋಕೆ ಅಂತ ಹಾಕಿದ್ದ ಉಬ್ಬುಗೆರೆ ಟೈಲ್ಸ್ ಮೇಲೆ ನಡೆದು, ಅದು ಸೀದಾ ಲೈಟ್ ಕಂಬಕ್ಕೆ ಹೋಗಿ ನಿಲ್ಲುತ್ತೆ ಅಂತ ತೋರಿಸಿದ್ರು. ಇಂಥ ಟೈಲ್ಸ್ ಮೊದಲು ಹಾಕಿದ್ದು 1967ರಲ್ಲಿ, ಜಪಾನಿನ ಒಕಯಾಮದಲ್ಲಿ, ಅಂಧರ ಶಾಲೆಯೊಂದರ ಹತ್ತಿರ; ಅಷ್ಟು ಹಳೇ ವಿದ್ಯೆ ಇದು, ಆದರೂ ಬಳಸೋರನ್ನ ಕೇಳದೆ ಹಾಕಿದ್ರೆ ಹೀಗೇ ಆಗೋದು.

ಆಮೇಲೆ ಬೀದಿ ವ್ಯಾಪಾರಿಗಳ ಸಂಘ. ನಿಮಗೆ ಎಷ್ಟು ಹೇಳಿದ್ರೂ ಸಾಲಲ್ಲ. ವೀಲ್‌ಚೇರ್‌ಗೆ ದಾರಿ ಬೇಕಲ್ವಾ, ಹಾಗಾದ್ರೆ ವ್ಯಾಪಾರದ ಗಾಡಿಗಳನ್ನೆಲ್ಲ ಎತ್ತಿಸ್ತೀವಿ ಅಂತ ಆಫೀಸಿನಲ್ಲಿ ಅಧಿಕಾರಿಗಳು ಹೇಳಿದಾಗ ನನಗೆ ನಿಜವಾಗ್ಲೂ ಭಯ ಆಯ್ತು, ನನ್ನ ಹೆಸರಲ್ಲಿ ಇನ್ನೊಬ್ಬರ ಅನ್ನ ಹೋಗೋದಾದ್ರೆ ಅಂಥ ದಾರಿ ನನಗೆ ಬೇಡ ಅನ್ನಿಸ್ತು. ಆದ್ರೆ ಎರಡೂ ಸಂಘದವರು ಒಟ್ಟಿಗೆ ಕೂತ್ರಿ, ಮೊದಮೊದಲು ಜೋರು ಮಾತೂ ಆಯ್ತು, ಆಮೇಲೆ ವ್ಯಾಪಾರಿಗಳೇ ಚಾಕ್‌ಪೀಸ್ ತಗೊಂಡು ಗೆರೆ ಎಳೆದ್ರು, ರಸ್ತೆ ಕಡೆ ಅಂಚಿಗೆ ಗಾಡಿ, ಒಳಗಡೆ ಪೂರ್ತಿ ಓಡಾಡೋ ದಾರಿ. ಆ ಚಾಕ್ ಗೆರೆನೇ ಕೊನೆಗೆ ಪ್ಲಾನ್ ಆಯ್ತು. ಸಂಜೆ ಹೊತ್ತು ಗಾಡಿಗಳ ದೀಪ, ಜನ ಇರೋದ್ರಿಂದಲೇ ಎಷ್ಟೋ ಹೆಣ್ಮಕ್ಕಳು ಧೈರ್ಯವಾಗಿ ನಡೆದು ಬರ್ತಾರೆ, ಇದನ್ನ ಮಹಿಳಾ ಸಂಘದವರು ಮೀಟಿಂಗಲ್ಲಿ ಎದ್ದು ಹೇಳದೇ ಇದ್ದಿದ್ರೆ ಯಾರ ತಲೆಗೂ ಹೋಗ್ತಿರಲಿಲ್ಲ.

ಫೈಲ್ ಮುಂದೆ ಹೋಗದೆ ಎಲ್ಲರೂ ಸುಸ್ತಾದಾಗ ಸಂಘದ ಹಿರಿಯರೊಬ್ಬರು ಹಳೇ ಹೋರಾಟಗಳ ಕಥೆ ಹೇಳೋರು. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ‘ಸೇವಾ’ (SEWA) ಅನ್ನೋ, ಸ್ವಂತ ದುಡಿಮೆ ಮಾಡೋ ಹೆಂಗಸರ ಸಂಘ ಕಟ್ಟಿದಾಗ, ನಿಮಗೆ ಮಾಲೀಕರೇ ಇಲ್ಲ, ಯೂನಿಯನ್ ಹೇಗೆ ಅಂತ ರಿಜಿಸ್ಟ್ರೇಷನ್‌ಗೇ ತಕರಾರು ಬಂದಿತ್ತು, ಆದ್ರೂ ಆ ಹೆಂಗಸರು ಬಿಡಲಿಲ್ಲ. ಅದೇ ವರ್ಷ ಅಮೆರಿಕದ ಬರ್ಕ್ಲಿಯಲ್ಲಿ ವೀಲ್‌ಚೇರ್ ಬಳಸ್ತಿದ್ದ ಎಡ್ ರಾಬರ್ಟ್ಸ್ ಮತ್ತು ಗೆಳೆಯರು, ಅಂಗವಿಕಲರು ಸ್ವತಂತ್ರವಾಗಿ ಬದುಕೋಕೆ ನೆರವಾಗೋ, ಅವರೇ ನಡೆಸೋ ಕೇಂದ್ರ ಶುರು ಮಾಡಿದ್ರು, ಫುಟ್‌ಪಾತ್ ಅಂಚು ಇಳಿಸಿ ಅಂತ ಅಲ್ಲಿನವರೂ ಬೆನ್ನು ಹತ್ತಿದ್ರು. ಇವತ್ತು ಆ ಇಳಿಜಾರಲ್ಲಿ ಮಗುವಿನ ತಳ್ಳುಗಾಡಿ, ಸೂಟ್‌ಕೇಸು, ಮಂಡಿನೋವಿನ ಅಜ್ಜ ಅಜ್ಜಿ ಎಲ್ಲಾ ಹೋಗ್ತಾರೆ.

ಕೆಲಸ ಮಾಡಿದ ಮೇಸ್ತ್ರಿ, ಕೂಲಿಯವರಿಗೂ ಥ್ಯಾಂಕ್ಸ್, ಒಂದು ಕಡೆ ಅಂಚು ಸರಿಯಾಗಿಲ್ಲ ಅಂದಾಗ ಮುಖ ಸಿಂಡರಿಸದೆ ಒಡೆದು ಮತ್ತೆ ಹಾಕಿಕೊಟ್ರು.

ಬಸ್ ಸ್ಟಾಪ್ ತನಕ ಬಂದಾಯ್ತು, ಬಸ್ ಹತ್ತೋದು ಇನ್ನೂ ಬಾಕಿ. ಲೋ ಫ್ಲೋರ್ ಬಸ್ಸಿಗೆ ಅರ್ಜಿ ಬರೆಯೋ ಮೀಟಿಂಗಿಗೆ ಈ ಸಲ ಯಾರೂ ನನ್ನ ಕರ್ಕೊಂಡು ಹೋಗೋಕೆ ಬರಬೇಡಿ, ನಾನೇ ಬರ್ತೀನಿ.