ಮತ ಇದೆ, ಸೀಟು ಇಲ್ಲ

ಮಾನ್ಯರೇ,

ಕೆನಡಾದ ಕನ್ಸರ್ವೇಟಿವ್ ಪಕ್ಷಕ್ಕೆ ಮತಗಳ ಕೊರತೆ ಇಲ್ಲ, ಅವು ಬೇಕಾದ ಕಡೆ ಬೀಳುತ್ತಿಲ್ಲ. 2019 ಮತ್ತು 2021ರಲ್ಲಿ ಲಿಬರಲ್ ಪಕ್ಷಕ್ಕಿಂತ ಜಾಸ್ತಿ ಮತ ಪಡೆದೂ ಅದು ವಿರೋಧ ಪಕ್ಷವಾಗಿಯೇ ಉಳಿಯಿತು. 2025ರಲ್ಲಿ ಶೇ 41ರಷ್ಟು ಮತ ಬಂದರೂ ಸೋತಿತು. ನಾಯಕ ಪಿಯೆರ್ ಪೊಲಿಯೆವ್ ಅವರೇ ತಮ್ಮ ಕ್ಷೇತ್ರ ಕಳೆದುಕೊಂಡರು. ಪಕ್ಷದ ಭದ್ರಕೋಟೆಯಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಎಷ್ಟೇ ದೊಡ್ಡ ಅಂತರದಿಂದ ಗೆದ್ದರೂ ಒಂದು ಸೀಟು ಎರಡಾಗುವುದಿಲ್ಲ ಅಲ್ವಾ?

2011ರಲ್ಲಿ ಪಕ್ಷದ ಆಗಿನ ನಾಯಕ ಸ್ಟೀಫನ್ ಹಾರ್ಪರ್ ಅವರಿಗೆ ಬಹುಮತ ಸಿಕ್ಕಿದ್ದರಲ್ಲಿ ಟೊರಾಂಟೊ ಸುತ್ತಲಿನ ಉಪನಗರಗಳ ವಲಸಿಗರ ಪಾತ್ರ ದೊಡ್ಡದು. ಸಚಿವ ಜೇಸನ್ ಕೆನ್ನಿ ವರ್ಷಗಟ್ಟಲೆ ಅವರ ಹಬ್ಬ, ಸಮಾರಂಭಗಳಿಗೆ ಓಡಾಡಿದ್ದರು. ಆದರೆ 2015ರ ಚುನಾವಣೆಯಲ್ಲಿ 'ಅನಾಗರಿಕ ಆಚರಣೆ'ಗಳ ಬಗ್ಗೆ ದೂರು ಕೊಡಲು ಸಹಾಯವಾಣಿ ತೆರೆಯುತ್ತೇವೆ ಎಂದು ಹೇಳಿ, ಗಳಿಸಿದ್ದ ವಿಶ್ವಾಸವನ್ನು ಪಕ್ಷ ಕೈಯಾರೆ ಹಾಳು ಮಾಡಿಕೊಂಡಿತು. ಸುಮ್ನೆ ಇದ್ದಿದ್ದರೂ ಸಾಕಿತ್ತು!

ಮನೆ ಬೆಲೆ, ಬಾಡಿಗೆಯ ಮಾತು ಪಕ್ಷ ಬಿಡುವುದು ಬೇಡ. ಅದು ಯುವಕರಿಗೆ ಹಿಡಿಸಿದೆ. ಟ್ರಂಪ್ ಅವರ ಸುಂಕದ ಬೆದರಿಕೆಗೆ ಹೆದರಿ ಲಿಬರಲ್ ನಾಯಕ ಮಾರ್ಕ್ ಕಾರ್ನಿ ಅವರತ್ತ ವಾಲಿದ ಹಿರಿಯರಿಗೆ ಮಾತ್ರ ಘೋಷಣೆ ಸಾಲದು, ಭರವಸೆ ಬೇಕು. ಪಕ್ಷವು ಏರುದನಿ ತಗ್ಗಿಸಿ, ಉಪನಗರ ಮತ್ತು ಕ್ವಿಬೆಕ್ ಪ್ರಾಂತ್ಯದ ಸ್ಥಳೀಯ ಮುಖಗಳನ್ನು ಈಗಿನಿಂದಲೇ ಮುಂದೆ ತರಲಿ.

– ಓದುಗ, ಶಿವಮೊಗ್ಗ