ಕನಜಾವಾಗೆ ಹೊರಟಿರುವ ಪೂರ್ಣಿಮಾಗೆ

ಚಿ. ಪೂರ್ಣಿಮಾಗೆ ದೊಡ್ಡಪ್ಪನ ಆಶೀರ್ವಾದಗಳು.

ನವೆಂಬರಿನಲ್ಲಿ ನೀನು ಜಪಾನಿನ ಕನಜಾವಾ ನೋಡಲು ಹೋಗುತ್ತೀಯ ಅಂತ ನಿಮ್ಮಪ್ಪ ಹೇಳಿದ. ಕೇಳಿ ಬಹಳ ಖುಷಿಯಾಯಿತು. ಆದರೆ ಬೆಳಿಗ್ಗೆ ಟೋಕಿಯೋ ಬಿಟ್ಟು ರಾತ್ರಿಗೆ ವಾಪಸ್ಸಂತೆ, ಅದು ಮಾತ್ರ ಬೇಡ. 2015ರಲ್ಲಿ ಶಿಂಕಾನ್‌ಸೆನ್ ಬುಲೆಟ್ ರೈಲು ಬಂದಮೇಲೆ ಎರಡೂವರೆ ಗಂಟೆಯ ದಾರಿ, ನಿಜ. ಆದರೂ ಎರಡು ರಾತ್ರಿ ಉಳಿದುಕೊ ತಾಯಿ. ಆ ಊರು ಚೆಂದ ಕಾಣುವುದು ಬೆಳ್ಳಂಬೆಳಿಗ್ಗೆ, ಮತ್ತೆ ದೀಪ ಹಚ್ಚಿದ ಮೇಲೆ. ನಡುಹಗಲಲ್ಲಿ ಜನವೋ ಜನ.

ಕೆನ್ರೊಕುಎನ್ ತೋಟಕ್ಕೆ ಟಿಕೆಟ್ ಶುರುವಾಗುವ ಮುಂಚೆಯೇ ಹೋಗು. ಆ ಹೊತ್ತಿನಲ್ಲಿ ಪ್ರವೇಶ ಉಚಿತ, ಟಿಕೆಟ್ ವೇಳೆಗೆ ಹೊರಗೆ ಬಂದುಬಿಡಬೇಕು ಅಷ್ಟೆ. ಕೊಳದ ದಡದಲ್ಲಿ ಎರಡು ಕಾಲಿನ ಕಲ್ಲುದೀಪವಿದೆ. ಎಲ್ಲರೂ ಫೋಟೋಗೆ ಅಲ್ಲೇ ನಿಲ್ಲುತ್ತಾರೆ. ನೀನು ಕರಸಾಕಿ ಪೈನ್ ಮರದ ಹತ್ತಿರ ನಿಲ್ಲು. ನವೆಂಬರ್ 1ರಂದು ಆ ಮರದಿಂದಲೇ ಹಗ್ಗ ಕಟ್ಟುವ ಕೆಲಸ ಶುರು. ಮರದ ಪಕ್ಕ ಎತ್ತರದ ಕಂಬ ನಿಲ್ಲಿಸಿ, ಅದರ ತುದಿಯಿಂದ ಹುಲ್ಲಿನ ಹಗ್ಗಗಳನ್ನು ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಇಳಿಬಿಡುತ್ತಾರೆ. ಒಂದೊಂದನ್ನೂ ಒಂದೊಂದು ಕೊಂಬೆಗೆ ಕಟ್ಟುತ್ತಾರೆ. ಅಲ್ಲಿ ಬೀಳುವ ಹಿಮ ನೀರು ತುಂಬಿ ಭಾರ. ಹಾಗೇ ಬಿಟ್ಟರೆ ಕೊಂಬೆ ಮುರಿದೇ ಹೋಗುತ್ತದೆ. ಮುಂದೆ ಬರುವ ಹಿಮಕ್ಕೆ ಇಷ್ಟು ಮುಂಚಿತವಾಗಿ ಒಂದು ಮರವನ್ನು ಅಣಿಮಾಡುವ ಕೈಗಳನ್ನು ನೋಡಬೇಕು ನೀನು.

ಆ ಊರಿನ ಹೆಚ್ಚುಗಾರಿಕೆ ಕೈಕೆಲಸದಲ್ಲೇ ಇದೆ. ಹಿಂದೆ ಆ ಊರನ್ನಾಳಿದ ಮಾಯೆದಾ ದೊರೆಗಳ ಸೀಮೆಯ ಹುಟ್ಟುವಳಿ ಹತ್ತು ಲಕ್ಷ ಕೊಕು (ಅಕ್ಕಿಯ ಹಳೆಯ ಅಳತೆ) ಅಕ್ಕಿಗೂ ಜಾಸ್ತಿ ಅಂತ ಲೆಕ್ಕ. ಅವರು ಕುಶಲಕರ್ಮಿಗಳನ್ನು ಕರೆಸಿ ಸಾಕಿದರು. ಜಪಾನಿನ ಚಿನ್ನದ ರೇಕು ಬಹುಪಾಲು ಇವತ್ತಿಗೂ ಇಲ್ಲೇ ತಯಾರಾಗುತ್ತದೆ. ನಮ್ಮ ಮೈಸೂರು ಚಿತ್ರಗಳಿಗೆ ಅಂಟಿಸುತ್ತಾರಲ್ಲ, ಅದೇ ಬಗೆಯದು. ದಪ್ಪ ಸುಮಾರು 0.0001 ಮಿಲಿಮೀಟರ್. ಬಿದಿರಿನ ಚಿಮಟದಲ್ಲಿ ಎತ್ತುತ್ತಾರೆ, ಉಸಿರು ತಾಗಿದರೂ ಮಡಚಿಕೊಳ್ಳುತ್ತದೆ. ರೇಕು ಹಚ್ಚಿದ ಐಸ್‌ಕ್ರೀಮ್ ತಿನ್ನದಿದ್ದರೂ ಪರವಾಗಿಲ್ಲ, ರೇಕು ಕತ್ತರಿಸುವುದನ್ನು ಮಾತ್ರ ನೋಡದೆ ಬರಬೇಡ.

ಎರಡನೇ ಮಹಾಯುದ್ಧದಲ್ಲಿ ಬಾಂಬು ಬೀಳಲಿಲ್ಲವಾಗಿ ನಾಗಮಾಚಿ ಬಡಾವಣೆಯ ಸಮುರಾಯ್ ಓಣಿಗಳು, ಮಣ್ಣಿನ ಗೋಡೆಗಳು ಉಳಿದಿವೆ. 1820ರ ಹಿಗಾಶಿ ಚಾಯಾ ಎಂಬ ಚಹಾಮನೆಗಳ ಬೀದಿಗೆ ಸಂಜೆ ಹೋಗು. ಮೆಲ್ಲಗೆ ಮಾತಾಡು. ಗೇಯ್ಶಾ ಕಲಾವಿದೆ ಎದುರಾದರೆ ದಾರಿ ಬಿಡು, ಕ್ಯಾಮೆರಾ ಹಿಡಿದು ಹಿಂದೆ ಹೋಗಬೇಡ. ಅವರು ಕೆಲಸಕ್ಕೆ ಹೊರಟಿರುತ್ತಾರೆ, ಅಲ್ವಾ?

ನೀನು ಸಸ್ಯಾಹಾರಿ. ತರಕಾರಿ ಸೂಪು, ಸೋಬಾ ನೂಡಲ್ಸ್ ಅಂತ ನಂಬಿ ಕೂರಬೇಡ. ಸಾರಿಗೆ ಒಣಮೀನಿನ ರಸ (ದಾಶಿ) ಹಾಕಿರುತ್ತಾರೆ, ಮೊದಲೇ ಕೇಳು. ಕೊಡೆ ಚೀಲದಲ್ಲೇ ಇರಲಿ. ಬುತ್ತಿ ಮರೆತರೂ ಕೊಡೆ ಮರೆಯಬೇಡ ಅಂತ ಆ ಊರಿನವರೇ ಹೇಳುತ್ತಾರೆ.

ಇನ್ನೊಂದು ಮಾತು. 2024ರ ಜನವರಿ 1ರ ನೋಟೊ ಭೂಕಂಪದಲ್ಲಿ ಕನಜಾವಾ ಕೋಟೆಯ ಕಲ್ಲುಗೋಡೆಯೂ ಅಲ್ಲಲ್ಲಿ ಕುಸಿಯಿತು. ತಡೆ ಹಾಕಿದ ಕಡೆ ದಾಟಬೇಡ. ಉತ್ತರದ ವಾಜಿಮಾ ಊರಿನ ಎಷ್ಟೋ ಕುಶಲಕರ್ಮಿಗಳು ಮನೆ, ಕಾರ್ಖಾನೆ ಎಲ್ಲ ಕಳೆದುಕೊಂಡರು. ಉರುಶಿ ಮರದ ಅಂಟು ಬಳಿದು ಬಟ್ಟಲು ಮಾಡುವವರು ಅವರು. ಅಮ್ಮನಿಗೆ ಏನಾದರೂ ಕೊಳ್ಳುವುದಿದ್ದರೆ ವಾಜಿಮಾದ ಬಟ್ಟಲು ಕೇಳಿ ತೆಗೆದುಕೊ. ಬೆಲೆ ಜಾಸ್ತಿಯಾಗುತ್ತದೆ, ಚೌಕಾಸಿ ಮಾಡಬೇಡ. ಕಡಿಮೆ ಬಿದ್ದರೆ ನಾನು ಕಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ