ಮುಖದಿಂದ ಮನಸ್ಸಿಗೆ ಬಂದ ಪದ

ಮಾನ್ಯ ಸಂಪಾದಕರೇ,

ಇಂಗ್ಲಿಷಿನ ‘ಚಿಯರ್’ ಪದಕ್ಕೆ ಹರ್ಷ ಎಂಬ ಒಂದೇ ಅರ್ಥ ಹೇಳಿ ಮಕ್ಕಳ ಪಾಠ ಮುಗಿಸುವುದು ಸರಿಯಲ್ಲ. 13ನೇ ಶತಮಾನದ ಹೊತ್ತಿಗೆ ಹಳೆಯ ಫ್ರೆಂಚಿನಿಂದ ಬಂದ ಈ ಪದದ ಮೂಲಾರ್ಥ ಮುಖ. ಅದು ಕ್ರಮೇಣ ಮುಖಭಾವವನ್ನೂ, ಆ ಭಾವದ ಹಿಂದಿನ ಮನಃಸ್ಥಿತಿಯನ್ನೂ ಸೂಚಿಸತೊಡಗಿದ್ದರಿಂದ, ಆ ಕಾಲದಲ್ಲಿ ದುಃಖಕ್ಕೂ ಇದೇ ಪದ ಸಲ್ಲುತ್ತಿತ್ತು, ‘ಒಳ್ಳೆಯ’ ಎಂಬ ವಿಶೇಷಣ ಸೇರಿದಾಗ ಉಲ್ಲಾಸವಾಗುತ್ತಿತ್ತು. ಅತಿಥಿಗಳ ಊಟೋಪಚಾರ, ಸಾಂತ್ವನ, 18ನೇ ಶತಮಾನದ ಜಯಘೋಷ ಎಲ್ಲವೂ ಆಮೇಲಿನವು. ಇಂದು ಬ್ರಿಟನ್ನಿನಲ್ಲಿ ‘ಚಿಯರ್ಸ್’ ಎಂಬುದು ಪಾನಗೋಷ್ಠಿಯ ಹಾರೈಕೆಯಷ್ಟೇ ಅಲ್ಲ, ಧನ್ಯವಾದವೂ ಹೌದು, ವಿದಾಯವೂ ಹೌದು. ಅಲ್ಲಿಗೆ ಓದಲು ಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಇದು ಮೊದಲೇ ಗೊತ್ತಿರಬೇಕು. ಪಠ್ಯಪುಸ್ತಕ ರಚಿಸುವವರು ಸಮಾನಪದದ ಜೊತೆಗೆ ಬಳಕೆಯ ವಾಕ್ಯಗಳನ್ನೂ ಕೊಡಬೇಕೆಂದು ವಿನಂತಿಸುತ್ತೇನೆ.

– ಇಂಗ್ಲಿಷ್ ಅಧ್ಯಾಪಕ, ಧಾರವಾಡ